ಕಿಡಿ ಹುಟ್ಟಿದರೆ ಸಾಲದು, ಸಾಕಬೇಕು

ಕಡ್ಡಿಪೆಟ್ಟಿಗೆ ಮನೆಮನೆಗೂ ಬರುವ ಮುನ್ನ ನಮ್ಮ ಹಳ್ಳಿಗಳಲ್ಲಿ ಒಲೆ ಹೊತ್ತಿಸುವ ಕೆಲಸ ಬೆಳಿಗ್ಗೆ ಶುರುವಾಗುತ್ತಿರಲಿಲ್ಲ. ಹಿಂದಿನ ರಾತ್ರಿಯೇ ಶುರುವಾಗುತ್ತಿತ್ತು. ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಮನೆಯ ಹಿರಿಯ ಹೆಂಗಸು ಒಲೆಯ ಮುಂದೆ ಕುಳಿತು, ಉಳಿದ ಕೆಂಡಗಳನ್ನು ಒಂದೆಡೆ ಕೂಡಿಸಿ, ಮೇಲೊಂದು ಬೆರಣಿಯ ತುಂಡಿಟ್ಟು, ಬೂದಿಯಿಂದ ಮುಚ್ಚುತ್ತಿದ್ದಳು. ಬೂದಿ ಗಾಳಿಯನ್ನು ತಡೆಯುತ್ತಿತ್ತು, ಆದರೆ ಪೂರ್ತಿಯಾಗಿ ಅಲ್ಲ. ಕೆಂಡ ಉಸಿರು ಬಿಗಿಹಿಡಿದುಕೊಂಡು ಬೆಳಗಿನವರೆಗೆ ಬದುಕಿರುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಬೂದಿ ಕೆದಕಿ, ಒಂದಿಷ್ಟು ತೆಂಗಿನ ನಾರು ಹಾಕಿ, ಊದುಗೊಳವೆಯಿಂದ ಊದಿದರೆ ಒಲೆ ಹೊತ್ತಿತು. ಎಂದಾದರೂ ಕೆಂಡ ಆರಿಹೋಗಿದ್ದರೆ ಹುಡುಗರ ಕೈಗೆ ಮಡಕೆಯ ಓಡನ್ನೋ ಬೆರಣಿಯನ್ನೋ ಕೊಟ್ಟು ನೆರೆಮನೆಗೆ ಓಡಿಸುತ್ತಿದ್ದರು. ಉಪ್ಪು, ಹಾಲಿನ ಹೆಪ್ಪು ಕಡ ತರುವಂತೆ ಬೆಂಕಿಯನ್ನೂ ಕಡ ತರುತ್ತಿದ್ದ ಕಾಲ ಅದು.

ಕಡ್ಡಿಪೆಟ್ಟಿಗೆ ಬಂದಮೇಲೆ ಈ ರಾತ್ರಿಯ ಕೆಲಸ ತಪ್ಪಿತು. ಅದಕ್ಕಾಗಿ ಯಾರೂ ದುಃಖಿಸಬೇಕಾಗಿಲ್ಲ. ಆದರೆ ಕೆಲಸದ ಜೊತೆಗೆ ಒಂದು ತಿಳಿವಳಿಕೆಯೂ ಹೋಯಿತು. ಬೆಂಕಿಯೆಂದರೆ ಕಡ್ಡಿ ಗೀರುವುದು, ಗುಂಡಿ ಒತ್ತುವುದು ಎಂದು ನಾವು ತಿಳಿದುಕೊಂಡೆವು. ಈ ತಿಳಿವಳಿಕೆ ಎಷ್ಟು ತೆಳುವಾದದ್ದೆಂದು ಗೊತ್ತಾಗುವುದು ಮನೆಯಿಂದ ಹೊರಗೆ ಹೋದಾಗ. ಮಲೆನಾಡಿನ ಮಳೆಯಲ್ಲಿ ತೊಯ್ದು ಬಂದ ಚಾರಣಿಗರು ತೋಟದ ಮನೆಯ ಅಂಗಳದಲ್ಲಿ ಕುಳಿತು ಇಡೀ ಕಡ್ಡಿಪೆಟ್ಟಿಗೆ ಖಾಲಿ ಮಾಡುತ್ತಾರೆ. ಹಿಡಿಯಷ್ಟು ಸೌದೆ ಹೊತ್ತುವುದಿಲ್ಲ. ಹಿಮಾಲಯಕ್ಕೆ ಹೋದವರು ಬೆಳಗಿನ ಚಳಿಯಲ್ಲಿ ಲೈಟರನ್ನು ಹತ್ತಾರು ಬಾರಿ ಒತ್ತುತ್ತಾರೆ. ಕಿಡಿ ಬರುತ್ತದೆ, ಜ್ವಾಲೆ ಬರುವುದಿಲ್ಲ. ಒದ್ದೆ ಬಟ್ಟೆ, ಗಾಳಿ, ಚಳಿ ಮೂರೂ ಸೇರಿದ ಜಾಗದಲ್ಲಿ ಇದು ಬರೀ ಚಹಾ ತಪ್ಪಿಹೋದ ಸಂಗತಿಯಲ್ಲ. ಮೈ ಬಿಸಿ ಇಳಿಯುತ್ತ ಹೋದರೆ ಮೊದಲು ಕೈಬೆರಳು ಮಾತು ಕೇಳುವುದಿಲ್ಲ, ಆಮೇಲೆ ಬುದ್ಧಿ ಮಾತು ಕೇಳುವುದಿಲ್ಲ, ಕೊನೆಗೆ ಜೀವಕ್ಕೇ ಸಂಚಕಾರ.

ಹೊರಗಡೆಯ ಬಳಕೆಗೆ ಯಾವ ಲೈಟರ್ ಒಳ್ಳೆಯದು, ಯಾವ ಕಡ್ಡಿ ಒಳ್ಳೆಯದು ಎಂದು ಅಂಗಡಿಯಲ್ಲಿ ಕೇಳುವವರು ಈಗ ಹೆಚ್ಚು. ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಮನುಷ್ಯ ಕಿಡಿಯನ್ನು ಹೇಗೆ ಜೇಬಿಗೆ ಇಳಿಸಿದ ಎಂಬುದನ್ನು ಸ್ವಲ್ಪ ನೋಡಬೇಕು.

ಕಡೆದು ತೆಗೆದ ಬೆಂಕಿ

ನಮ್ಮ ನಾಡಿನಲ್ಲಿ ಬೆಂಕಿ ಹುಟ್ಟಿಸುವ ಅತಿ ಹಳೆಯ ಸಾಧನಗಳಲ್ಲಿ ಒಂದು ಯಜ್ಞಶಾಲೆಯಲ್ಲಿ ಇಂದಿಗೂ ಉಳಿದುಕೊಂಡಿದೆ. ಅದು ಅರಣಿ. ಕೆಳಗೊಂದು ಮರದ ಹಲಗೆ, ಅದರ ಕುಳಿಯಲ್ಲಿ ನಿಲ್ಲುವ ಕಡಗೋಲಿನಂಥ ಮೇಲಿನ ಮರ, ಅದಕ್ಕೆ ಸುತ್ತಿದ ಹಗ್ಗ. ಮಜ್ಜಿಗೆ ಕಡೆದಂತೆ ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ಬನ್ನಿಮರದ ಮೇಲೆ ಬೆಳೆದ ಅಶ್ವತ್ಥದಿಂದ ಅರಣಿ ಮಾಡಬೇಕೆಂಬುದು ಶಾಸ್ತ್ರ. ಕೇರಳದ ಪಾಂಜಾಳ್ ಎಂಬಲ್ಲಿ 1975ರಲ್ಲಿ ನಡೆದ ಅಗ್ನಿಚಯನವನ್ನು ವಿದ್ವಾಂಸ ಫ್ರಿಟ್ಸ್ ಸ್ಟಾಲ್ ಮತ್ತು ಅವರ ಜೊತೆಯವರು ಚಿತ್ರೀಕರಿಸಿಕೊಂಡರು. ಅಲ್ಲಿಯೂ ಬೆಂಕಿ ಹುಟ್ಟಿದ್ದು ಹೀಗೆ ಕಡೆದೇ.

ಅರಣಿಯಿಂದ ಜ್ವಾಲೆ ಚಿಮ್ಮುವುದಿಲ್ಲ ಎಂಬುದನ್ನು ಗಮನಿಸಬೇಕು. ತಿಕ್ಕಾಟಕ್ಕೆ ಮರ ಸವೆದು ಕಪ್ಪು ಹುಡಿಯಾಗುತ್ತದೆ. ಆ ಹುಡಿ ಬಿಸಿಯೇರಿ ಹೊಗೆಯಾಡುತ್ತದೆ. ಅದರ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಕಾಣಿಸಿಕೊಳ್ಳುತ್ತದೆ. ಅದನ್ನು ಒಣನಾರಿನ ಅಥವಾ ಅರಳೆಯ ಗೂಡಿಗೆ ಇಳಿಸಿ, ಮೆಲ್ಲಗೆ ಉಸಿರು ಕೊಟ್ಟು, ಜ್ವಾಲೆಯನ್ನಾಗಿ ಮಾಡಬೇಕು. ಕಡೆಯುವವನು ತಾಯಿಯಾದರೆ ಊದುವವನು ದಾದಿ. ದಾದಿ ಇಲ್ಲದಿದ್ದರೆ ಹುಟ್ಟಿದ ಮಗು ಅರೆಗಳಿಗೆಯಲ್ಲಿ ಸಾಯುತ್ತದೆ.

ಇನ್ನೊಂದು ಸಾಧನ ಚಕಮಕಿ. ಶಾಸನಸಭೆಯಲ್ಲಿ ಮಾತಿನ ಚಕಮಕಿ ಎಂದು ನಮ್ಮ ಪತ್ರಿಕೆಗಳು ಆಗಾಗ ಬರೆಯುತ್ತವೆ. ಆ ಚಕಮಕಿಯ ಮೂಲ ತುರ್ಕಿ ಭಾಷೆಯಲ್ಲಿದೆ. ಪಾರಸಿ, ಹಿಂದೂಸ್ತಾನಿಗಳನ್ನು ಹಾದು ಅದು ನಮ್ಮಲ್ಲಿಗೆ ಬಂದಿದೆ. ತುರ್ಕಿಯಲ್ಲಿ ಈಗಲೂ ಜೇಬಿನ ಲೈಟರಿಗೆ ಚಕ್‌ಮಕ್ ಎಂದೇ ಹೆಸರು. ಉಕ್ಕಿನ ತುಂಡಿಗೆ ಗಟ್ಟಿಯಾದ ಬೆಣಚುಕಲ್ಲನ್ನು ಕುಟ್ಟಿದಾಗ ಕಿಡಿ ಹಾರುತ್ತದೆ. ಕಿಡಿ ಕಲ್ಲಿನದು ಎಂದು ನಮಗೆ ಅನಿಸುತ್ತದೆ. ನಿಜವಾಗಿ ಅದು ಉಕ್ಕಿನದು. ಕಲ್ಲಿನ ಹರಿತವಾದ ಅಂಚು ಉಕ್ಕಿನಿಂದ ಸಣ್ಣ ಚೂರುಗಳನ್ನು ಕೆತ್ತುತ್ತದೆ. ಆ ಚೂರುಗಳು ಎಷ್ಟು ಸಣ್ಣವೆಂದರೆ ಗಾಳಿಯ ಆಮ್ಲಜನಕ ತಾಗುತ್ತಲೇ ಉರಿದುಹೋಗುತ್ತವೆ. ಕಬ್ಬಿಣದ ಗುದ್ದಲಿ ಉರಿಯುವುದಿಲ್ಲ, ಕಬ್ಬಿಣದ ಧೂಳು ಉರಿಯುತ್ತದೆ. ಈ ಮಾತನ್ನು ನೆನಪಿಡಿ. ಸೌದೆಯ ವಿಷಯದಲ್ಲೂ ಇದೇ ಲೆಕ್ಕ.

ಚಕಮಕಿಯ ಕಿಡಿಗೆ ಆಯುಷ್ಯ ಕಡಿಮೆ, ಬಿಸಿಯೂ ಕಡಿಮೆ. ಅದನ್ನು ಹಿಡಿಯಲು ವಿಶೇಷವಾದ ವಸ್ತು ಬೇಕು: ಮುಚ್ಚಿದ ಡಬ್ಬಿಯಲ್ಲಿ ಕರಿಕಾಗಿಸಿದ ಹತ್ತಿಬಟ್ಟೆ, ಬೂರುಗದ ಅರಳೆ, ಅಥವಾ ಮರದ ಮೇಲೆ ಬೆಳೆಯುವ ಕೆಲವು ಜಾತಿಯ ಅಣಬೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5,300 ವರ್ಷ ಹಳೆಯ ಮನುಷ್ಯನೊಬ್ಬನ ಶವ ಸಿಕ್ಕಿತು. ಓಟ್ಸಿ ಎಂದು ಅವನಿಗೆ ಹೆಸರಿಟ್ಟಿದ್ದಾರೆ. ಅವನ ಸೊಂಟದ ಚೀಲದಲ್ಲಿ ಇಂಥ ಅಣಬೆಯ ಪುಡಿಯಿತ್ತು. ಅದರಲ್ಲಿ ಕಿಡಿ ಹಾರಿಸುವ ಪೈರೈಟ್ ಖನಿಜದ ಕಣಗಳು ಅಂಟಿಕೊಂಡಿದ್ದವು. ಜೊತೆಗೆ ಮರದ ತೊಗಟೆಯ ಒಂದು ಡಬ್ಬಿ. ಅದರಲ್ಲಿ ಮೇಪಲ್ ಎಲೆಗಳು, ಎಲೆಗಳ ನಡುವೆ ಇದ್ದಿಲಿನ ಚೂರು. ಎಂದರೆ ಆತ ಕೆಂಡವನ್ನೇ ಎಲೆಯಲ್ಲಿ ಸುತ್ತಿ ಒಯ್ಯುತ್ತಿದ್ದ. ಕೆಂಡ ಆರಿದರೆ ಕಿಡಿ ಹಾರಿಸಲು ಕಲ್ಲನ್ನೂ ಬಳಸುತ್ತಿದ್ದ. ಬೆಟ್ಟ ಹತ್ತುವವನು ಎರಡು ಬಗೆಯ ಬೆಂಕಿ ಇಟ್ಟುಕೊಂಡಿರಬೇಕು ಎಂಬ ಪಾಠ ಐದು ಸಾವಿರ ವರ್ಷ ಹಳೆಯದು.

ಕಡ್ಡಿಗೆ ಮುಂಚೆ ಲೈಟರ್

ಬೆಂಕಿಕಡ್ಡಿ ಹಳೆಯದು, ಲೈಟರ್ ಹೊಸದು ಎಂದು ನಾವು ತಿಳಿದಿದ್ದೇವೆ. ಇತಿಹಾಸ ಉಲ್ಟಾ ಹೇಳುತ್ತದೆ. ಜರ್ಮನಿಯ ಯೇನಾ ನಗರದ ರಸಾಯನ ವಿಜ್ಞಾನಿ ಡೋಬರೈನರ್ 1823ರಲ್ಲೇ ಒಂದು ದೀಪ ಮಾಡಿದ. ಸತು ಮತ್ತು ಗಂಧಕಾಮ್ಲ ಸೇರಿ ಜಲಜನಕ ಹೊರಡುತ್ತಿತ್ತು. ಅದು ಪ್ಲಾಟಿನಂ ಲೋಹಕ್ಕೆ ತಾಗಿ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಮೇಜಿನ ಮೇಲೆ ಇಡಬಹುದಾಗಿದ್ದ ಲೈಟರ್ ಅದು, ಜೇಬಿಗೆ ಹಿಡಿಸುವಂಥದ್ದಲ್ಲ. ಇಂಗ್ಲೆಂಡಿನ ಸ್ಟಾಕ್‌ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್ ಉಜ್ಜಿದರೆ ಉರಿಯುವ ಕಡ್ಡಿಗಳನ್ನು ಮಾರಲು ಶುರುಮಾಡಿದ್ದು 1827ರಲ್ಲಿ. ಆತ ಪೇಟೆಂಟ್ ಪಡೆಯಲಿಲ್ಲ.

ಮುಂದೆ ಬಂದ ಬಿಳಿ ರಂಜಕದ ಕಡ್ಡಿಗಳು ಎಲ್ಲಿ ಗೀರಿದರೂ ಹೊತ್ತುತ್ತಿದ್ದವು. ಆದರೆ ಅವನ್ನು ಮಾಡುವವರ ದವಡೆಯ ಮೂಳೆ ಕೊಳೆಯುತ್ತಿತ್ತು. ಲಂಡನ್ನಿನ ಕಾರ್ಖಾನೆಯೊಂದರ ಹೆಣ್ಣುಮಕ್ಕಳು 1888ರಲ್ಲಿ ಮುಷ್ಕರ ಹೂಡಿದಾಗ ಅವರ ಬವಣೆಯನ್ನು ಪತ್ರಿಕೆಯಲ್ಲಿ ಬರೆದು ಲೋಕಕ್ಕೆ ತಿಳಿಸಿದ್ದವರು, ಮುಂದೆ ಭಾರತಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದ ಆ್ಯನಿ ಬೆಸೆಂಟ್. ಭಾರತದಲ್ಲಿ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಕಾಯ್ದೆ 1913ರಲ್ಲಿ ಬಂತು.

ಈ ವಿಷಕ್ಕೆ ಮದ್ದು ಹುಡುಕಿದವರು ಸ್ವೀಡನ್ನಿನವರು. 1844ರಲ್ಲಿ ಪಾಶ್ ಎಂಬ ರಸಾಯನಶಾಸ್ತ್ರಜ್ಞ ಕಡ್ಡಿಯ ಮದ್ದನ್ನು ಎರಡು ಪಾಲು ಮಾಡಿದ. ಉರಿಯುವ ಸಾಮಗ್ರಿ ಕಡ್ಡಿಯ ತಲೆಯಲ್ಲಿ, ವಿಷವಲ್ಲದ ಕೆಂಪು ರಂಜಕ ಪೆಟ್ಟಿಗೆಯ ಬದಿಯ ಪಟ್ಟಿಯಲ್ಲಿ. ಯೋನ್‌ಶೋಪಿಂಗ್‌ನ ಲುಂಡ್‌ಸ್ಟ್ರೋಮ್ ಸಹೋದರರು ಅದನ್ನು ಸುಧಾರಿಸಿ ವ್ಯಾಪಾರಕ್ಕೆ ತಂದರು. ಇಂದಿಗೂ ನಮ್ಮ ಕಡ್ಡಿಪೆಟ್ಟಿಗೆಯ ಮೇಲೆ ಸುರಕ್ಷಿತ ಎಂಬ ಅರ್ಥದ ಮಾತು ಇರುವುದು ಈ ಕಾರಣಕ್ಕೆ. ತಮಿಳುನಾಡಿನ ಶಿವಕಾಶಿಯಿಂದ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ 1922ರಲ್ಲಿ ಕಲ್ಕತ್ತಕ್ಕೆ ಹೋಗಿ ಕಡ್ಡಿ ತಯಾರಿಕೆ ಕಲಿತು ಬಂದರು. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಆ ಸೀಮೆಗೆ ಈ ಕಸುಬು ಹೇಳಿ ಮಾಡಿಸಿದಂತಿತ್ತು. ಅದರ ಕತ್ತಲೆಯ ಮುಖವೂ ಇತ್ತು: ಅಲ್ಲಿ ದುಡಿಯುತ್ತಿದ್ದ ಮಕ್ಕಳ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲಿ ಮಹತ್ವದ ತೀರ್ಪು ಕೊಡಬೇಕಾಯಿತು.

ಬಿಸಿಲಿನಲ್ಲಿ ಹುಟ್ಟಿದ ಕಡ್ಡಿಪೆಟ್ಟಿಗೆ ಮಳೆನಾಡಿಗೆ ಬಂದಾಗ ಸೋಲುವುದು ಎಲ್ಲಿ? ಮದ್ದನ್ನು ಕಡ್ಡಿಗೆ ಹಿಡಿಸಿರುವುದು ಅಂಟು. ತೇವಕ್ಕೆ ಅಂಟು ಮೆತ್ತಗಾಗಿ ತಲೆ ಉದುರುತ್ತದೆ. ಬದಿಯ ಪಟ್ಟಿ ಒದ್ದೆಯಾಗಿ ಸಿಪ್ಪೆ ಏಳುತ್ತದೆ. ಮದ್ದನ್ನು ಎರಡು ಪಾಲು ಮಾಡಿದ್ದರಿಂದ ಒಂದು ಕಡೆ ಕೆಟ್ಟರೂ ಎರಡೂ ಕೆಟ್ಟಂತೆ. ಕಡ್ಡಿಗಳನ್ನು ಜೋಪಾನವಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಪೆಟ್ಟಿಗೆಯನ್ನು ಮನೆಯಲ್ಲಿ ಬಿಟ್ಟು ಹೋಗುವವರಿದ್ದಾರೆ. ಬಂಡೆಗೆ ಎಷ್ಟು ಗೀರಿದರೂ ಪ್ರಯೋಜನವಿಲ್ಲ. ಕಡ್ಡಿ ಒಯ್ಯುವುದಾದರೆ ತಲೆಗಳನ್ನು ಕರಗಿದ ಮೇಣದಲ್ಲಿ ಅದ್ದಿ ಒಣಗಿಸಿ, ಗೀರುವ ಪಟ್ಟಿಯನ್ನೂ ಕತ್ತರಿಸಿ, ತಿರುಪು ಮುಚ್ಚಳದ ಮಾತ್ರೆ ಡಬ್ಬಿಯಲ್ಲಿ ಎರಡನ್ನೂ ಜೊತೆಗಿಡಬೇಕು. ಹಚ್ಚುವ ಮುನ್ನ ತಲೆಯ ಮೇಣವನ್ನು ಉಗುರಿನಿಂದ ಕೆರೆದು ತೆಗೆಯಬೇಕು. ಹಾಗೆ ಮಾಡಿದರೂ ಒಂದು ಕಡ್ಡಿ ಉರಿಯುವುದು ಹತ್ತು ಹದಿನೈದು ಸೆಕೆಂಡು. ಅಷ್ಟರಲ್ಲಿ ಆಗಬೇಕಾದ ಕೆಲಸಕ್ಕೆ ಮೊದಲೇ ಸಿದ್ಧತೆ ಇರಬೇಕು.

ಲೈಟರಿನ ಕಲ್ಲು ಕಲ್ಲಲ್ಲ

ಹಳೆಯ ಚಕಮಕಿಯನ್ನು ಹೆಬ್ಬೆರಳಿನ ಕೆಲಸಕ್ಕೆ ಇಳಿಸಿದವನು ಆಸ್ಟ್ರಿಯದ ಆವರ್ ಫಾನ್ ವೆಲ್ಸ್‌ಬಾಕ್. ಮದುವೆ ಮನೆಗಳಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಬಿಳಿ ಬಲೆಯನ್ನು ನೆನೆಸಿಕೊಳ್ಳಿ. ಆ ಮ್ಯಾಂಟಲ್ ಇವನ ಕಾಣಿಕೆ. ಅದಕ್ಕೆ ಬೇಕಾದ ಥೋರಿಯಂ ಸಿಗುವುದು ಮೊನಜೈಟ್ ಎಂಬ ಖನಿಜದಲ್ಲಿ. ಥೋರಿಯಂ ತೆಗೆದ ಮೇಲೆ ಸೀರಿಯಂ ಮೊದಲಾದ ಲೋಹಗಳ ರಾಶಿ ಕಸವಾಗಿ ಉಳಿಯುತ್ತಿತ್ತು. ಅದಕ್ಕೆ ಕಬ್ಬಿಣ ಬೆರೆಸಿದರೆ, ಗೀರಿದಾಗ ಧಾರಾಳವಾಗಿ ಕಿಡಿ ಸುರಿಯುತ್ತದೆಂದು ಆತ ಕಂಡು 1903ರಲ್ಲಿ ಪೇಟೆಂಟ್ ಪಡೆದ. ಇದೇ ಫೆರೋಸೀರಿಯಂ. ಬೀಡಿ ಅಂಗಡಿಯಲ್ಲಿ ಲೈಟರ್ ಕಲ್ಲು ಎಂದು ಮಾರುವ ಸಣ್ಣ ಕಡ್ಡಿ ಕಲ್ಲೇ ಅಲ್ಲ, ಈ ಮಿಶ್ರಲೋಹ. ಅದರ ಚೂರುಗಳು ಮೂರು ಸಾವಿರ ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರಕ್ಕೆ ಕಾಯುತ್ತವೆ. ಈ ಕತೆಗೆ ನಮ್ಮ ಕರಾವಳಿಯ ನಂಟೂ ಇದೆ. ಆಗಿನ ತಿರುವಾಂಕೂರು ಸಂಸ್ಥಾನದ ಕಡಲ ಮರಳಿನಲ್ಲಿ ಮೊನಜೈಟ್ ಇದೆಯೆಂದು ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ 1909ರಲ್ಲಿ ಗುರುತಿಸಿದ. ಮ್ಯಾಂಟಲ್ ಉದ್ಯಮಕ್ಕಾಗಿ ಅದು ಹಡಗೇರಿ ಹೋಗತೊಡಗಿತು.

ಇಂದು ಅಂಗಡಿಯಲ್ಲಿ ಸಿಗುವ ಲೈಟರುಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಬ್ಯೂಟೇನ್ ಅನಿಲ ತುಂಬಿದ, ಚಕ್ರ ತಿರುಗಿಸುವ ಲೈಟರ್. ಹಗುರ, ಅಗ್ಗ, ನೂರಾರು ಬಾರಿ ಉರಿಯುತ್ತದೆ. ನೀರಿಗೆ ಬಿದ್ದರೂ ಚಕ್ರ ಒರೆಸಿ ಊದಿ ಒಣಗಿಸಿದರೆ ಸರಿಹೋಗುತ್ತದೆ. ಅನಿಲ ಮುಗಿದ ಮೇಲೂ ಕಲ್ಲು ಕಿಡಿ ಕೊಡುತ್ತದೆ. ಇದರ ಶತ್ರು ಚಳಿ. ದ್ರವ ಬ್ಯೂಟೇನ್ ಆವಿಯಾಗುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ. ಅದಕ್ಕಿಂತ ಚಳಿಯಾದರೆ ಅನಿಲ ಡಬ್ಬಿಯೊಳಗೇ ಮುದುಡಿ ಕೂರುತ್ತದೆ. ಐಸೊಬ್ಯೂಟೇನ್ ಬೆರೆತಿದ್ದರೆ ಇನ್ನೂ ಸ್ವಲ್ಪ ಚಳಿ ತಡೆಯುತ್ತದೆ. ಮದ್ದು ಸುಲಭ: ಲೈಟರನ್ನು ಬೆನ್ನಚೀಲದಲ್ಲಿ ಇಡದೆ ಒಳ ಅಂಗಿಯ ಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳುವುದು, ಹಚ್ಚುವ ಮುನ್ನ ಮುಷ್ಟಿಯಲ್ಲಿ ಬಿಸಿ ಮಾಡುವುದು.

ಎರಡನೆಯದು ಗುಂಡಿ ಒತ್ತುವ ಲೈಟರ್. ಅಡುಗೆಮನೆಯ ಗ್ಯಾಸ್ ಲೈಟರಿನಂತೆ ಇದರಲ್ಲೂ ಕಲ್ಲಿಲ್ಲ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಜಾಕ್ ಮತ್ತು ಪಿಯರೆ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದ ತತ್ತ್ವ ಇದು. ಗುಂಡಿ ಒತ್ತಿದಾಗ ಒಳಗಿನ ಸುತ್ತಿಗೆ ಹರಳಿಗೆ ಬಡಿಯುತ್ತದೆ, ವಿದ್ಯುತ್ ಕಿಡಿ ಹಾರುತ್ತದೆ. ನೀಲಿ ಜ್ವಾಲೆ ಭರ್ರೆಂದು ಹೊರಡುವ ಜೆಟ್ ಲೈಟರುಗಳು ಬಹುಪಾಲು ಈ ಜಾತಿಯವು. ಗಾಳಿಗೆ ಇವು ಜಗ್ಗುವುದಿಲ್ಲ. ಆದರೆ ತೇವಕ್ಕೆ ಮುನಿಯುತ್ತವೆ, ಎತ್ತರಕ್ಕೂ ಮುನಿಯುತ್ತವೆ. ಲೇಹ್ ಪಟ್ಟಣದ ಎತ್ತರ ಸುಮಾರು 3,500 ಮೀಟರ್. ಅಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಮೂರನೇ ಎರಡು ಪಾಲಿನಷ್ಟು. ಅನಿಲ ಮತ್ತು ಗಾಳಿ ಬೆರೆಯಬೇಕಾದ ಹದ ಅಲ್ಲಿ ತಪ್ಪುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ಚೆನ್ನಾಗಿ ಉರಿದ ಲೈಟರ್ ಅಲ್ಲಿ ಟಕ್ ಟಕ್ ಎನ್ನುತ್ತ ಕೂರಬಹುದು.

ಮೂರನೆಯದು ಬತ್ತಿ ಲೈಟರ್. ಅಮೆರಿಕದ ಬ್ರ್ಯಾಡ್‌ಫೋರ್ಡ್ ಊರಿನ ಬ್ಲೇಸ್‌ಡೆಲ್ 1932ರಲ್ಲಿ ಶುರುಮಾಡಿದ ಜಿಪ್ಪೋ ಇದರಲ್ಲಿ ಪ್ರಸಿದ್ಧ. ಬತ್ತಿಯ ಸುತ್ತ ತೂತುಗಳುಳ್ಳ ಲೋಹದ ಗೂಡು ಇರುವುದರಿಂದ ಗಾಳಿಗೆ ಬೇಗ ಆರುವುದಿಲ್ಲ, ಚಳಿಗೂ ಅಷ್ಟಾಗಿ ಹೆದರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಜೇಬಿನಲ್ಲಿ ಲೋಕ ಸುತ್ತಿದ್ದು ಇದೇ. ದೋಷವೆಂದರೆ ಅದರ ಎಣ್ಣೆ ಮುಚ್ಚಳದ ಸಂದಿನಿಂದ ಆವಿಯಾಗುತ್ತಲೇ ಇರುತ್ತದೆ. ಕಳೆದ ಚಾರಣಕ್ಕೆ ತುಂಬಿಸಿದ್ದು ಈ ಚಾರಣಕ್ಕೆ ಇರುವುದಿಲ್ಲ.

ಇವೆಲ್ಲವನ್ನೂ ಬಿಟ್ಟು, ಬೆರಳುದ್ದದ ಫೆರೋಸೀರಿಯಂ ಕಡ್ಡಿಯನ್ನೇ ಹಿಡಿಗೆ ಸಿಕ್ಕಿಸಿ ಮಾರುವುದೂ ಇದೆ. ಚಾರಣಿಗರು ಇದನ್ನು ಫೈರ್ ಸ್ಟೀಲ್ ಅಥವಾ ಫೆರೋ ರಾಡ್ ಎನ್ನುತ್ತಾರೆ. ಚಾಕುವಿನ ಬೆನ್ನಿನಿಂದ ಒತ್ತಿ ಗೀರಿದರೆ ಕಿಡಿಗಳ ಮಳೆ. ಇದರಲ್ಲಿ ಮುಗಿಯುವ ಅನಿಲವಿಲ್ಲ, ಆವಿಯಾಗುವ ಎಣ್ಣೆಯಿಲ್ಲ, ಒಡೆಯುವ ಯಂತ್ರವಿಲ್ಲ. ನೀರು, ಚಳಿ, ಎತ್ತರ ಯಾವುದಕ್ಕೂ ಸೋಲುವುದಿಲ್ಲ; ಬಳಸಿದ ಮೇಲೆ ಒರೆಸಿಟ್ಟರೆ ಸಾವಿರಾರು ಬಾರಿ ಗೀರಬಹುದು. ಆದರೆ ಇದು ಕೊಡುವುದು ಕಿಡಿಯನ್ನು, ಜ್ವಾಲೆಯನ್ನಲ್ಲ. ಲೈಟರ್ ನಮಗೆ ಮರೆಸಿದ್ದ ದಾದಿಯ ಕೆಲಸವನ್ನು ಇದು ಮತ್ತೆ ನಮ್ಮ ಕೈಗೇ ಒಪ್ಪಿಸುತ್ತದೆ. ಮನೆಯಂಗಳದಲ್ಲಿ ಹತ್ತು ಸಲ ಅಭ್ಯಾಸ ಮಾಡದೆ ಇದನ್ನೊಂದನ್ನೇ ನಂಬಿ ಬೆಟ್ಟ ಹತ್ತಬಾರದು.

ಕರ್ಪೂರವೆಂಬ ಮರೆತ ಗೆಳೆಯ

ಈಗ ಮೂಲ ವಿಷಯಕ್ಕೆ ಬರೋಣ. ಕಡ್ಡಿ ಗೀರಿ ನೇರವಾಗಿ ಸೌದೆಗೆ ಹಿಡಿಯುವವನು ಕಬ್ಬಿಣದ ಗುದ್ದಲಿಗೆ ಕಿಡಿ ಹಚ್ಚಲು ಹೊರಟವನಂತೆ. ಮರ ಹೊತ್ತಿಕೊಳ್ಳಬೇಕಾದರೆ ಮುನ್ನೂರು ಡಿಗ್ರಿಯ ಆಸುಪಾಸಿಗೆ ಕಾಯಬೇಕು. ಹಸಿಯಾಗಿದ್ದರೆ ಅದಕ್ಕೂ ಮೊದಲು ಒಳಗಿನ ನೀರೆಲ್ಲ ಆವಿಯಾಗಬೇಕು. ದಪ್ಪ ಸೌದೆ ತನಗೆ ಸೋಕಿದ ಬಿಸಿಯನ್ನು ಒಳಕ್ಕೆ ನುಂಗಿಕೊಂಡು ತಣ್ಣಗೇ ಇರುತ್ತದೆ. ತೆಳ್ಳಗಿನ ನಾರಿಗೆ ನುಂಗಲು ಒಡಲೇ ಇಲ್ಲ, ಆದ್ದರಿಂದ ಉರಿಯುತ್ತದೆ. ನಾರಿನಿಂದ ಪುರಳೆ, ಪುರಳೆಯಿಂದ ಬೆರಳು ಗಾತ್ರದ ಕಡ್ಡಿ, ಅದರಿಂದ ಮುಂಗೈ ಗಾತ್ರದ ಸೌದೆ: ಬೆಂಕಿಯನ್ನು ಹೀಗೆ ಮೆಟ್ಟಿಲು ಹತ್ತಿಸಬೇಕು. ಒಂದು ಮೆಟ್ಟಿಲು ತಪ್ಪಿದರೂ ಕೆಳಗೆ ಬೀಳುತ್ತದೆ. ಕಡ್ಡಿ ಗೀರುವ ಮುನ್ನವೇ ಈ ನಾಲ್ಕೂ ರಾಶಿಗಳು ಕೈಗೆಟುಕುವಂತೆ ಇರಬೇಕು.

ಮಳೆಗಾಲದಲ್ಲಿ ಒಣನಾರು ಎಲ್ಲಿಂದ ತರುವುದು? ಮನೆಯಿಂದಲೇ. ಪೇಟೆಯಲ್ಲಿ ಬೆಂಕಿ ಹೊತ್ತಿಸುವ ಬಿಲ್ಲೆಗಳು, ಮೇಣದ ಗಟ್ಟಿಗಳು ಬಣ್ಣದ ಪೊಟ್ಟಣಗಳಲ್ಲಿ ಸಿಗುತ್ತವೆ. ಅವು ಒಳ್ಳೆಯವೇ. ಆದರೆ ದೇವರ ಮನೆಯ ಕರ್ಪೂರ ಅವುಗಳಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಕರ್ಪೂರ ನೀರು ಹೀರುವುದಿಲ್ಲ. ಒದ್ದೆಯಾದರೂ ಒರೆಸಿ ಜ್ವಾಲೆ ಸೋಕಿಸಿದರೆ ಹೊತ್ತುತ್ತದೆ, ಬೂದಿ ಉಳಿಸದೆ ಉರಿಯುತ್ತದೆ. ತೆರೆದಿಟ್ಟರೆ ಗಾಳಿಗೆ ಹಾರಿಹೋಗುವುದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಫೆರೋ ರಾಡಿನ ಕಿಡಿ ಹಿಡಿಯಲು ಅರಳೆ ಉತ್ತಮ. ಹತ್ತಿಯ ಉಂಡೆಗೆ ವ್ಯಾಸಲೀನ್ ತಿಕ್ಕಿಟ್ಟುಕೊಂಡರೆ, ಹಚ್ಚುವಾಗ ಎಳೆ ಬಿಡಿಸಿ ಕಿಡಿ ಸುರಿಸಿದರೆ ಆಯಿತು. ಎಳೆ ಕಿಡಿಯನ್ನು ಹಿಡಿಯುತ್ತದೆ, ವ್ಯಾಸಲೀನ್ ಹಲವು ನಿಮಿಷ ಜ್ವಾಲೆಯನ್ನು ಸಾಕುತ್ತದೆ. ಸೈಕಲ್ ಟ್ಯೂಬಿನ ಚೂರು ಮಳೆಯಲ್ಲೂ ಉರಿಯುತ್ತದೆ. ಹೊಗೆ ಕೆಟ್ಟದು, ಅಡುಗೆಯ ಬೆಂಕಿಗೆ ಬೇಡ. ತೆಂಗಿನ ನಾರು, ಒಣಗಿದ ಅಡಿಕೆ ಹಾಳೆಯ ಸೀಳು, ಮೇಣದಬತ್ತಿಯ ತುಂಡು ಇವೂ ಚೀಲಕ್ಕೆ ಭಾರವಲ್ಲ. ಸೌದೆ ಹೊರಗೆ ತೊಯ್ದಿದ್ದರೂ ಸೀಳಿದರೆ ಒಳಗೆ ಒಣಗಿರುವುದುಂಟು. ಸೀಮೆಎಣ್ಣೆ, ಪೆಟ್ರೋಲು ಸುರಿಯುವುದು ಮಾತ್ರ ಸಲ್ಲದು. ಆರಿದಂತೆ ಕಾಣುವ ಬೆಂಕಿಯ ಮೇಲೆ ಸುರಿದವರು ಮೈ ಸುಟ್ಟುಕೊಂಡಿದ್ದಾರೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಪ್ರತಿಯೊಂದು ಸಾಧನಕ್ಕೂ ಒಬ್ಬ ಶತ್ರು ಇದ್ದಾನೆ. ಒಂದೇ ಶತ್ರುವಿಗೆ ಸೋಲುವ ಎರಡನ್ನು ಒಯ್ದರೆ ಒಂದನ್ನು ಒಯ್ದಂತೆಯೇ. ಎರಡು ಜೆಟ್ ಲೈಟರಿಗಿಂತ ಒಂದು ಚಕ್ರದ ಲೈಟರ್, ಒಂದು ಫೆರೋ ರಾಡ್ ಲೇಸು. ಮಲೆನಾಡಿನ ಮಳೆಗೆ ಚಕ್ರದ ಲೈಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜೊತೆಗೆ ಕರ್ಪೂರದ ಡಬ್ಬಿ. ಹಿಮಾಲಯದ ಎತ್ತರಕ್ಕೆ ಒಳಜೇಬಿನ ಚಕ್ರದ ಲೈಟರ್, ಮೇಣ ಅದ್ದಿದ ಕಡ್ಡಿ, ಗ್ಯಾಸ್ ಸ್ಟೌ ಹೊತ್ತಿಸಲು ಫೆರೋ ರಾಡ್. ಗಾಳಿ ಬೀಸುವ ಕಡಲ ತೀರಕ್ಕೆ ಬತ್ತಿಯದೋ ಜೆಟ್ಟಿನದೋ ಆದೀತು. ವಿಮಾನದಲ್ಲಿ ಹೋಗುವವರು ಲೈಟರ್ ಮತ್ತು ಕಡ್ಡಿಪೆಟ್ಟಿಗೆಯನ್ನು ಇಳಿದ ಊರಿನಲ್ಲೇ ಕೊಳ್ಳುವುದು ಒಳ್ಳೆಯದು, ತಪಾಸಣೆಯಲ್ಲಿ ತೆಗೆಸಿಬಿಡುತ್ತಾರೆ. ಹಾಗೆಯೇ ಅಗ್ಗದ ಲೈಟರಿನ ಆಸೆ ಬೇಡ. ದಕ್ಷಿಣ ತಮಿಳುನಾಡಿನ ಬೆಂಕಿಕಡ್ಡಿ ಉದ್ಯಮದ ಅಹವಾಲಿನ ಮೇರೆಗೆ 20 ರೂಪಾಯಿಗಿಂತ ಕಡಿಮೆ ಬೆಲೆಯ ಸಿಗರೇಟು ಲೈಟರುಗಳ ಆಮದನ್ನು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಷೇಧಿಸಿತು. ಕಡ್ಡಿಪೆಟ್ಟಿಗೆಯೂ ಬಡವರ ಪಾಲಿಗೆ ಹಗುರವಾಗಿ ಉಳಿದಿದೆ ಎನ್ನುವಂತಿಲ್ಲ; 2007ರಿಂದ ಒಂದು ರೂಪಾಯಿ ಇದ್ದ ಅದರ ಬೆಲೆ 2021ರ ಡಿಸೆಂಬರ್ 1ರಿಂದ ಎರಡು ರೂಪಾಯಿ ಆಯಿತು. ಯಾವ ಲೈಟರನ್ನೇ ಆಗಲಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ, ಒಲೆಯ ಬದಿಯಲ್ಲಿ ಇಡಬಾರದು. ಡೇರೆಯೊಳಗೆ ಕೆಂಡ ಇಟ್ಟುಕೊಂಡು ಮಲಗಬಾರದು. ಬಣ್ಣ, ವಾಸನೆ ಇಲ್ಲದ ವಿಷಾನಿಲ ನಿದ್ದೆಯಲ್ಲೇ ಕೊಲ್ಲುತ್ತದೆ.

ಬೂದಿ ಮುಚ್ಚಿದ ಕೆಂಡ

ಇಷ್ಟೆಲ್ಲ ಕಲಿತ ಮೇಲೆ ಕೊನೆಯ ಪಾಠ ಬೆಂಕಿ ಹಚ್ಚಬಾರದ ಜಾಗದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972, ಕರ್ನಾಟಕ ಅರಣ್ಯ ಕಾಯ್ದೆ 1963 ಎರಡೂ ಕಾಡಿನಲ್ಲಿ ಬೆಂಕಿ ಹಾಕುವುದನ್ನು ಅಪರಾಧವೆಂದು ಪರಿಗಣಿಸುತ್ತವೆ. ಬಿದಿರಿಗೆ ಬಿದಿರು ತಿಕ್ಕಿ ಕಾಡ್ಗಿಚ್ಚು ಹುಟ್ಟುತ್ತದೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅರಣ್ಯ ಇಲಾಖೆಯವರನ್ನು ಕೇಳಿದರೆ, ನಮ್ಮ ಎಲೆಯುದುರುವ ಕಾಡುಗಳಲ್ಲಿ ಬೆಂಕಿಯ ಹಿಂದೆ ಹೆಚ್ಚಾಗಿ ಮನುಷ್ಯನ ಕೈಯೇ ಇರುತ್ತದೆ ಎನ್ನುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ದಿನಗಟ್ಟಲೆ ಉರಿದ ಬೆಂಕಿಗೆ ಸಾವಿರಾರು ಎಕರೆ ಕಾಡು ಕಪ್ಪಾಯಿತು. ಅದಕ್ಕೆ ಒಂದು ವರ್ಷ ಹಿಂದೆ, 2018ರ ಮಾರ್ಚ್ 11ರಂದು, ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಒಣಹುಲ್ಲಿನ ಬೆಂಕಿಗೆ ಸಿಲುಕಿದರು; ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಒಣಗಿದ ಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುವ ವೇಗಕ್ಕೆ ಮನುಷ್ಯನ ಕಾಲು ಸಾಟಿಯಲ್ಲ.

ಆದ್ದರಿಂದ ಹೊರಗಡೆಯ ಬೆಂಕಿ ಎಂದರೆ ಅಂಗಳದ ಬೆಂಕಿ, ಅನುಮತಿಯಿರುವ ಶಿಬಿರದ ಬೆಂಕಿ, ಸ್ಟೌವಿನ ಬೆಂಕಿ ಎಂದಷ್ಟೇ ಅರ್ಥ. ಅದನ್ನೂ ಆರಿಸುವಾಗ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ. ಉರಿ ಇಳಿದ ಮೇಲೆ ಕಾಲಿನಿಂದ ಬೂದಿ ಸರಿಸಿ, ಮೇಲೊಂದಿಷ್ಟು ಮಣ್ಣು ಹಾಕಿ, ಆರಿತು ಎಂದು ನಡೆದುಬಿಡುತ್ತಾರೆ. ಅವರು ಬೆಂಕಿ ಆರಿಸಿಲ್ಲ. ಹಿಂದಿನ ಕಾಲದ ಅಜ್ಜಿಯರು ರಾತ್ರಿ ಮಾಡುತ್ತಿದ್ದ ಕೆಲಸವನ್ನೇ ಮಾಡಿದ್ದಾರೆ. ಬೂದಿಯ ಅಡಿಯಲ್ಲಿ ಕೆಂಡ ಉಸಿರು ಬಿಗಿಹಿಡಿದು ಬೆಳಗಿನವರೆಗೆ ಕಾಯುತ್ತದೆ. ಅಂದು ಬೆಳಿಗ್ಗೆ ಬೂದಿ ಕೆದಕಲು ಮನೆಯ ಹೆಂಗಸು ಬರುತ್ತಿದ್ದಳು. ಕಾಡಂಚಿನಲ್ಲಿ ಬೆಳಿಗ್ಗೆ ಬಂದು ಬೂದಿ ಕೆದಕುವುದು ಗಾಳಿ.

ಬಿಡುವಾಗ ನೀರು ಸುರಿಯಿರಿ, ಕೋಲಿನಿಂದ ಕಲಕಿ, ಮತ್ತೆ ನೀರು ಸುರಿಯಿರಿ. ಮುಂಗೈಯ ಹಿಂಭಾಗವನ್ನು ಬೂದಿಯ ಹತ್ತಿರ ತಂದು ನೋಡಿ. ಬೆಚ್ಚಗಿದ್ದರೆ ಇನ್ನೂ ಆರಿಲ್ಲ.